ಹೇಳಿದ್ದನ್ನು ನಂಬದ ಅಜ್ಜಿ

"ಮಿಸ್ ಮಾರ್ಪಲ್ ಪತ್ತೆ ಹಚ್ಚುವುದೇನೂ ಇಲ್ಲ. ಊಹಿಸುತ್ತಾಳೆ ಅಷ್ಟೆ, ಲೇಖಕಿ ಅದನ್ನು ನಿಜ ಮಾಡಿಕೊಡುತ್ತಾಳೆ." ಅಗಾಥಾ ಕ್ರಿಸ್ಟಿ ಸೃಷ್ಟಿಸಿದ ಈ ಪತ್ತೇದಾರಿ ಅಜ್ಜಿಯ ಮಾತು ಬಂದಾಗ ಈ ವಾರ ಗೆಳೆಯರೊಬ್ಬರು ಹೀಗೆಂದರು. ಬಹಳ ಓದಿಕೊಂಡವರು, ಅದಕ್ಕೇ ಮಾತು ಚುಚ್ಚಿತು. ಅವರಿಗೆ ಮುದುಕಿ ಕಂಡಳು, ಅವಳ ಕೆಲಸ ಕಾಣಲಿಲ್ಲ. ಕಥೆಯೊಳಗಿನ ಇನ್‌ಸ್ಪೆಕ್ಟರ್ ಸ್ಲ್ಯಾಕ್ ಕೂಡ ಇಂಥವನೇ.

1942ರ 'ದಿ ಬಾಡಿ ಇನ್ ದಿ ಲೈಬ್ರರಿ'ಯನ್ನೇ ನೋಡಿ. ಓದಿಲ್ಲದವರು ಕ್ಷಮಿಸಬೇಕು, ಗುಟ್ಟು ಬಿಚ್ಚದೆ ಇದನ್ನು ಹೇಳಲಾಗದು. ಕರ್ನಲ್ ಬ್ಯಾಂಟ್ರಿಯ ಮನೆಯ ಗ್ರಂಥಾಲಯದಲ್ಲಿ ಹುಡುಗಿಯೊಬ್ಬಳ ಹೆಣ. ಬಣ್ಣ ಹಚ್ಚಿದ ಕೂದಲು, ದಟ್ಟವಾದ ಮೇಕಪ್, ಹಳೆಯ ಅಗ್ಗದ ಸ್ಯಾಟಿನ್ ಉಡುಪು. ಹೋಟೆಲಿನಲ್ಲಿ ನರ್ತಿಸುತ್ತಿದ್ದ ರೂಬಿ ಕೀನ್ ಇವಳೇ ಎಂದು ಸಂಬಂಧಿ ಜೋಸಿ ಗುರುತಿಸುತ್ತಾಳೆ. ಪೊಲೀಸರು ಒಪ್ಪಿ ಮುಂದೆ ಸಾಗುತ್ತಾರೆ. ಯಾರು ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ಲೆಕ್ಕವೆಲ್ಲ ಆ ಒಂದು ಹೇಳಿಕೆಯ ಮೇಲೆ ನಿಲ್ಲುತ್ತದೆ.

ಮಿಸ್ ಮಾರ್ಪಲ್ ಮಾತ್ರ ಉಗುರು ನೋಡಿರುತ್ತಾಳೆ. ಹೆಣದ ಉಗುರುಗಳು ಹಲ್ಲಿನಿಂದ ಕಚ್ಚಿದವು. ರೂಬಿಯೋ, ಉಗುರೊಂದು ಶಾಲಿಗೆ ಸಿಕ್ಕಿ ಮುರಿದದ್ದರಿಂದ ಉಳಿದವನ್ನು ಕತ್ತರಿಸಿಕೊಂಡವಳು. ಎರಡೂ ಗಿಡ್ಡವೇ. ಆದರೆ ಕಚ್ಚಿದ ಉಗುರೇ ಬೇರೆ, ಕತ್ತರಿಸಿದ ಉಗುರೇ ಬೇರೆ. ಹುಡುಗಿಯರನ್ನು ಹತ್ತಿರದಿಂದ ಬಲ್ಲವರಿಗೆ ಅದು ಒಂದೇ ನೋಟಕ್ಕೆ ತಿಳಿಯುತ್ತದೆ. ಉಡುಪೂ ಹಾಗೆಯೇ: ಯಾರನ್ನೋ ಭೇಟಿಯಾಗಲು ಹೊರಟ ರೂಬಿಯಂಥವಳು ಇದ್ದುದರಲ್ಲಿ ಒಳ್ಳೆಯದನ್ನೇ ತೊಡುತ್ತಾಳೆ, ಹಳೆಯದನ್ನಲ್ಲ. ಅಂದಮೇಲೆ ಸತ್ತವಳು ರೂಬಿಯೇ ಅಲ್ಲ. ಸಾವಿನ ಹೊತ್ತಿನ ಲೆಕ್ಕವೆಲ್ಲ ಅಲ್ಲಿಗೆ ಕುಸಿಯುತ್ತದೆ.

ಇದರಲ್ಲಿ ಊಹೆ ಎಲ್ಲಿದೆ? ಜನ ಹೇಳಿದ್ದನ್ನು ನಂಬಿಬಿಡುತ್ತಾರೆ, ತಾನು ಮಾತ್ರ ಪ್ರತಿಯೊಂದನ್ನೂ ಖಾತ್ರಿ ಮಾಡಿಕೊಳ್ಳುತ್ತೇನೆ ಎಂದು ಆಕೆಯೇ ಇದೇ ಕಾದಂಬರಿಯಲ್ಲಿ ಹೇಳುತ್ತಾಳೆ. ಮನುಷ್ಯರ ಮೇಲಿನ ಈ ಅಪನಂಬಿಕೆಯಲ್ಲಿ ಹಗೆಯಿಲ್ಲ. ಒಂದೇ ಹಳ್ಳಿಯಲ್ಲಿ ಬದುಕಿಡೀ ಕಣ್ತೆರೆದು ಇದ್ದುದರ ಫಲ ಅದು. ಜೋಸಿಯ ಮಾತಿಗೆ ಪೊಲೀಸರು ಯಾಕೆ ಅಷ್ಟು ಬೇಗ ಒಪ್ಪಿದರೋ ಎಂದು ಪ್ರತಿ ಓದಿನಲ್ಲೂ ಸಿಟ್ಟು ಬರುತ್ತದೆ.

ಇಂಥ ಹಿರಿಯ ಹೆಂಗಸರು ಅವಳಿಗಿಂತ ಮೊದಲೂ ಇದ್ದರು. ಅನ್ನಾ ಕ್ಯಾಥರೀನ್ ಗ್ರೀನ್ ಅವರ ಅಮೀಲಿಯಾ ಬಟರ್‌ವರ್ತ್ ಬಂದದ್ದು 1897ರಲ್ಲಿ. ಮಿಸ್ ಮಾರ್ಪಲ್ 1927ರಲ್ಲಿ ಸಣ್ಣಕಥೆಯೊಂದರಲ್ಲಿ ಕಾಲಿಟ್ಟಳು. ಮರುವರ್ಷವೇ ಪೆಟ್ರೀಷಿಯಾ ವೆಂಟ್‌ವರ್ತ್ ಅವರ ಮಿಸ್ ಸಿಲ್ವರ್ ಬಂದಳು. ಇವಳು ಮಕ್ಕಳಿಗೆ ಮನೆಪಾಠ ಹೇಳಿದವಳು, ಸುಳ್ಳು ಹೇಳುವ ಮುಖ ಇವಳಿಗೆ ಹೊಸದಲ್ಲ. ಇಬ್ಬರ ಕೈಯಲ್ಲೂ ಹೆಣಿಗೆ ಇದೆ. ಅನುಕರಿಸಿದವರು ಹೆಚ್ಚಾಗಿ ಈ ಹೆಣಿಗೆಯನ್ನಷ್ಟೇ ಎತ್ತಿಕೊಂಡರು, ಹೀಗಾಗಿ ಅವರ ಅಜ್ಜಿಯರು ಬರೀ ಮುದ್ದಾಗಿ ಉಳಿದರು.

ಗೆಳೆಯರಿಗೆ ಮೊದಲ ಅಧ್ಯಾಯಗಳನ್ನು ಮತ್ತೆ ಓದಿ ಎಂದಿದ್ದೇನೆ. ಹೆಣ ನೋಡಿದ ಬೆಳಿಗ್ಗೆಯೇ ಮಿಸ್ ಮಾರ್ಪಲ್ ಊರಿನ ಈಡಿ ಎಂಬ ಹುಡುಗಿಯನ್ನು ನೆನೆಯುತ್ತಾಳೆ: ಅವಳೂ ಉಗುರು ಕಚ್ಚುತ್ತಿದ್ದಳಂತೆ. ಕರ್ನಲ್‌ರ ಹೆಂಡತಿ ಮಿಸೆಸ್ ಬ್ಯಾಂಟ್ರಿ ಅದನ್ನು ಕೇಳಿಸಿಕೊಳ್ಳುತ್ತಾಳೆ, ಮಾತು ಉಡುಪಿನ ಕಡೆಗೆ ಹೊರಳುತ್ತದೆ.