ಹಳ್ಳದ ಆಚೆ ರಜೆ, ಈಚೆ ಕೆಲಸ

ಅಕ್ಟೋಬರ್ 31ರ ಬೆಳಿಗ್ಗೆ ಜರ್ಮನಿಯ ಬವೇರಿಯಾ ರಾಜ್ಯದ ನ್ಯೂರೆಂಬರ್ಗ್‌ನಿಂದ ಹೊರಟಾಗ ತಂಗಿಯ ಮಗ ಗೊಣಗುತ್ತಲೇ ಕಾರು ತೆಗೆದ. ನನಗೋಸ್ಕರ ಒಂದು ದಿನದ ರಜೆ ಹಾಕಿದ್ದ, ಪಾಪ. ಎ9 ಹೆದ್ದಾರಿ ಹಿಡಿದು ಉತ್ತರಕ್ಕೆ ಸಾಗಿದಷ್ಟೂ ಮಂಜು ದಟ್ಟವಾಯಿತು. ಹೋಫ್ ಪಟ್ಟಣದ ಸುತ್ತಮುತ್ತಲ ಈ ಎತ್ತರದ ನೆಲಕ್ಕೆ ಜರ್ಮನರು ‘ಬವೇರಿಯಾದ ಸೈಬೀರಿಯಾ’ ಅನ್ನುತ್ತಾರಂತೆ. ಕಾರಿನಿಂದ ಇಳಿದ ಕೂಡಲೇ ಹೆಸರಿನ ಅರ್ಥ ಕಿವಿಗೆ ತಾಗಿತು.

ನಾವು ಹೊರಟಿದ್ದು ಮೋಡ್ಲಾರಾಯ್ಟ್ ಎಂಬ ಹಳ್ಳಿಗೆ. ‘ರಾಯ್ಟ್’ ಅಂದರೆ ಕಾಡು ಕಡಿದು ಮಾಡಿದ ನೆಲ. ಬೈರಾಯ್ಟ್ ಊರಿನ ಬಾಲದಲ್ಲಿರುವುದೂ ಅದೇ ಮಾತು. ಇಳಿಜಾರು ಹೊಲಗಳ ತಗ್ಗಿನಲ್ಲಿ ಒಂದಷ್ಟು ಮನೆ, ಕೊಟ್ಟಿಗೆ, ಒಂದು ಕೆರೆ. ಇರುವ ಜನ ಐವತ್ತರ ಆಸುಪಾಸು. ನಡುವೆ ಟಾನ್‌ಬಾಖ್ ಎಂಬ ಹಳ್ಳ ಹರಿಯುತ್ತದೆ. ಹಳ್ಳ ಅಂದಿದ್ದೂ ದೊಡ್ಡ ಮಾತೇ. ಪಂಚೆ ಎತ್ತಿ ಕಟ್ಟುವ ಅಗತ್ಯವೂ ಇಲ್ಲದೆ ಒಂದು ದಾಪುಗಾಲಿಗೆ ದಾಟಬಹುದು. ಮುಂದೆ ಈ ನೀರು ಸಾಲೆ ನದಿಗೆ, ಅಲ್ಲಿಂದ ಎಲ್ಬೆಗೆ, ಹ್ಯಾಂಬರ್ಗ್ ದಾಟಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಇಷ್ಟು ಸಣ್ಣ ನೀರಿನ ಗೆರೆಯ ಮೇಲೆ ಎರಡು ಲೋಕಗಳು ಎದುರುಬದುರು ನಿಂತಿದ್ದವು ಅಂದರೆ ನಂಬುವುದು ಕಷ್ಟ.

ಗಡಿ ಮಾತ್ರ ಶೀತಲ ಸಮರ ತಂದದ್ದಲ್ಲ. ಬಹಳ ಹಿಂದಿನಿಂದಲೂ ಹಳ್ಳದ ಒಂದು ದಡ ಬೈರಾಯ್ಟ್‌ನ ದೊರೆಗಳದ್ದು, ಇನ್ನೊಂದು ರಾಯ್ಸ್ ಮನೆತನದ್ದು. 1810ರಲ್ಲಿ ನೆಪೋಲಿಯನ್ ಬೈರಾಯ್ಟ್ ಸೀಮೆಯನ್ನು ಬವೇರಿಯಾಕ್ಕೆ ಮಾರಿದ. ಆ ವರ್ಷ ನೆಟ್ಟ ಗಡಿಕಲ್ಲುಗಳ ಮೇಲೆ ಒಂದು ಬದಿ ಬವೇರಿಯಾ ರಾಜ್ಯದ ಅಕ್ಷರ, ಇನ್ನೊಂದು ಬದಿ ರಾಯ್ಸ್ ಸಂಸ್ಥಾನದ ಅಕ್ಷರ. 1920ರಲ್ಲಿ ರಾಯ್ಸ್ ನೆಲ ತುರಿಂಗಿಯಾ ಎಂಬ ರಾಜ್ಯದೊಳಗೆ ಸೇರಿತು. ಊರಿನವರು ಇದಕ್ಕೆಲ್ಲ ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ. ಶಾಲೆ ಮತ್ತು ಹೆಂಡದ ಮನೆ ತುರಿಂಗಿಯಾ ಕಡೆ. ಚರ್ಚಿಗೆ ಬವೇರಿಯಾದ ಟೋಪೆನ್‌ಗೆ ಹೋಗಬೇಕು. ಮಕ್ಕಳು ಅತ್ತ, ದೇವರು ಇತ್ತ, ಸಂಜೆಗೆ ಮತ್ತೆ ಎಲ್ಲರೂ ಅತ್ತ.

1949ರಲ್ಲಿ ಎರಡು ಜರ್ಮನಿಗಳಾದವು. ತುರಿಂಗಿಯಾದ ದಡ ಪೂರ್ವ ಜರ್ಮನಿಗೆ, ಬವೇರಿಯಾದ ದಡ ಪಶ್ಚಿಮ ಜರ್ಮನಿಗೆ ಹೋಗಿ, ಈ ಹಳ್ಳವೇ ದೇಶಗಳ ಗಡಿಯಾಯಿತು. ಆದರೂ ನಿಜವಾದ ಕೇಡು ಬಂದದ್ದು 1952ರ ಮೇ ತಿಂಗಳಲ್ಲಿ. ಪೂರ್ವ ಜರ್ಮನಿ ತನ್ನ ಗಡಿಯುದ್ದಕ್ಕೂ ಐದು ಕಿಲೋಮೀಟರಿನ ನಿರ್ಬಂಧಿತ ವಲಯ, ಅದರೊಳಗೆ 500 ಮೀಟರಿನ ಇನ್ನೊಂದು ಪಟ್ಟಿ, ಗಡಿಗೆ ತಾಗಿ ಹತ್ತು ಮೀಟರಿನ ಬೋಳು ನೆಲ ಎಂದು ವಿಂಗಡಿಸಿತು. ನಂಬಿಕೆಗೆ ಅರ್ಹರಲ್ಲ ಅನ್ನಿಸಿದ ಕುಟುಂಬಗಳನ್ನು ಗಡಿಯ ಊರುಗಳಿಂದ ಎಬ್ಬಿಸಿ ಒಳನಾಡಿಗೆ ಸಾಗಿಸಿದರು. ಆ ಕೆಲಸಕ್ಕೆ ಅಧಿಕಾರಿಗಳ ನಡುವೆ ಓಡಾಡಿದ ಹೆಸರು ‘ಕ್ರಿಮಿಕೀಟ’. ನೆರೆಮನೆಯವರನ್ನು ಹಾಗೆ ಕರೆಯಲು ಎಂಥ ಕೈ ಬರುತ್ತದೋ.

ಮೋಡ್ಲಾರಾಯ್ಟ್‌ನಲ್ಲಿ ಮೊದಲು ಎದ್ದದ್ದು ಹಲಗೆಯ ಬೇಲಿ. 1966ರಲ್ಲಿ ಕಾಂಕ್ರೀಟ್ ಗೋಡೆ: 700 ಮೀಟರ್ ಉದ್ದ, 3.3 ಮೀಟರ್ ಎತ್ತರ. ಪಶ್ಚಿಮದ ಕಡೆಯವರು ಹಳ್ಳದ ಅಂಚಿನವರೆಗೆ ಬಂದು ನೋಡಬಹುದಿತ್ತು. ಅಮೆರಿಕನ್ ಸೈನಿಕರು ಊರಿಗೆ ‘ಪುಟ್ಟ ಬರ್ಲಿನ್’ ಎಂದು ಹೆಸರಿಟ್ಟರು. 1983ರಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಕೂಡ ಬಂದು ನೋಡಿ ಹೋದರು. ಪೂರ್ವದ ಮನೆಯವರಿಗೆ ಮಾತ್ರ ಹಳ್ಳದಾಚೆಯವರತ್ತ ಕೈ ಬೀಸುವುದಕ್ಕೂ ನಿಷೇಧ. ನನ್ನನ್ನು ಹೆಚ್ಚು ಕಾಡಿದ್ದು ಗೋಡೆಯ ಎತ್ತರವಲ್ಲ, ಇದು. ನಿನ್ನೆಯವರೆಗೆ ಒಂದೇ ಬೆಂಚಿನಲ್ಲಿ ಬಿಯರ್ ಕುಡಿದವನು ಆಚೆಯಿಂದ ಕೈ ಎತ್ತಿದರೆ, ಈಚೆಯವನು ಕಾಣದವನ ಹಾಗೆ ಮುಖ ತಿರುಗಿಸಬೇಕು. ಹೀಗೆ ವರ್ಷಗಟ್ಟಲೆ. 1973ರಲ್ಲಿ ಒಬ್ಬಾತ ಗೋಡೆಗೆ ಏಣಿ ಹಾಕಿ ಜೀವಂತವಾಗಿ ಆಚೆ ಇಳಿದ.

ಬರ್ಲಿನ್ ಗೋಡೆ ತೆರೆದದ್ದು 1989ರ ನವೆಂಬರ್ 9ಕ್ಕೆ. ದೊಡ್ಡ ಊರಿನ ಸುದ್ದಿ ಪುಟ್ಟ ಬರ್ಲಿನ್‌ಗೆ ತಲುಪಲು ಸರಿಯಾಗಿ ಒಂದು ತಿಂಗಳು ಬೇಕಾಯಿತು. ಡಿಸೆಂಬರ್ 9ರಂದು ಕಾಲ್ನಡಿಗೆಯವರಿಗೆ ದಾರಿ ಬಿಟ್ಟರು. ಮರುವರ್ಷ ಜೂನ್ 17ಕ್ಕೆ ಬುಲ್ಡೋಜರ್ ಬಂತು. ಸುಮಾರು ನೂರು ಮೀಟರ್ ಗೋಡೆಯನ್ನು, ಕಾವಲು ಗೋಪುರದ ಸಮೇತ, ನೋಡುವವರಿಗಾಗಿ ಉಳಿಸಿಕೊಂಡಿದ್ದಾರೆ. ಅದನ್ನು ಮುಟ್ಟಿ ನೋಡಿದೆ. ಬಿಳಿ ಬಣ್ಣ ಹಚ್ಚಿದ, ಯಾವ ಕಾರ್ಖಾನೆಯ ಕಾಂಪೌಂಡಿಗೂ ಇರಬಹುದಾದ ಸಪ್ಪೆ ಕಾಂಕ್ರೀಟು.

ಗೋಡೆ ಹೋದ ಮೇಲೆ ಊರು ಒಂದಾಯಿತು ಅಂದುಕೊಂಡಿದ್ದೆ. ಇಲ್ಲವಂತೆ. ನೆಪೋಲಿಯನ್ ಕಾಲದ ಗಡಿ ಗಟ್ಟಿ ಪಿಂಡ. ಹಳ್ಳದ ಈಚೆಯವರು ಇವತ್ತಿಗೂ ಬವೇರಿಯಾದ ಟೋಪೆನ್ ಪಂಚಾಯಿತಿಗೆ ಸೇರಿದವರು, ಪಿನ್‌ಕೋಡ್ 95183. ಆಚೆಯವರು ತುರಿಂಗಿಯಾದ ಗೆಫೆಲ್‌ನವರು, ಪಿನ್‌ಕೋಡ್ 07926. ಕಾರಿನ ನಂಬರು ಬೇರೆ, ದೂರವಾಣಿ ಕೋಡ್ ಬೇರೆ. ಒಬ್ಬರ ಶಾಸಕ ಮ್ಯೂನಿಕ್‌ನಲ್ಲಿ ಕೂರುತ್ತಾನೆ, ಇನ್ನೊಬ್ಬರದು ಎರ್ಫರ್ಟ್‌ನಲ್ಲಿ. ಈಚೆ ‘ಗ್ರ್ಯೂಸ್ ಗಾಟ್’ ಎಂದು ದೇವರ ಹೆಸರಲ್ಲಿ ನಮಸ್ಕಾರ, ಆಚೆ ಬರೀ ‘ಗುಟನ್ ಟಾಗ್’.

ಎಲ್ಲಕ್ಕಿಂತ ತಮಾಷೆ ಹಬ್ಬದ್ದು. 1517ರಲ್ಲಿ ಮಾರ್ಟಿನ್ ಲೂಥರ್ ಎಬ್ಬಿಸಿದ ಸುಧಾರಣೆಯ ನೆನಪಿಗೆ ಅಕ್ಟೋಬರ್ 31 ತುರಿಂಗಿಯಾದಲ್ಲಿ ರಜಾದಿನ. ಬವೇರಿಯಾದಲ್ಲಿ ಅದಿಲ್ಲ, ಅಲ್ಲಿ ಮರುದಿನ, ನವೆಂಬರ್ 1ಕ್ಕೆ, ಕ್ಯಾಥೊಲಿಕರ ಸಕಲ ಸಂತರ ಹಬ್ಬಕ್ಕೆ ರಜೆ. ಹೋಫ್ ಸೀಮೆಯವರು ಹಳೆಯ ಬೈರಾಯ್ಟ್ ದೊರೆಗಳ ಕಾಲದಿಂದ ಲೂಥರನ ಅನುಯಾಯಿಗಳೇ ಅನ್ನುವುದು ಮಾತ್ರ ಕ್ಯಾಲೆಂಡರಿಗೆ ಗೊತ್ತಿಲ್ಲ. ಲೂಥರನ ದಿನ ಕೆಲಸಕ್ಕೆ ಹೋಗಿ ಸಂತರ ದಿನ ಮನೆಯಲ್ಲಿ ಕೂರುತ್ತಾರೆ.

ವಾಪಸಾಗುವಾಗ ಊಟಕ್ಕೆಂದು ಹೋಫ್‌ನಲ್ಲಿ ನಿಲ್ಲಿಸಿದೆವು. ಪಾರ್ಕಿಂಗ್ ಜಾಗದ ತುಂಬ ತುರಿಂಗಿಯಾ ನಂಬರಿನ ಕಾರುಗಳು. ರಜೆಯ ದಿನ ಅಲ್ಲಿ ಅಂಗಡಿ ಮುಚ್ಚಿರುತ್ತವಲ್ಲ, ಎಲ್ಲರೂ ಗಡಿ ದಾಟಿ ಸಾಮಾನು ಕೊಳ್ಳಲು ಬಂದಿದ್ದರು. ಮೂರು ಸುತ್ತು ಹೊಡೆದರೂ ಜಾಗ ಸಿಗಲಿಲ್ಲ.

"ನೋಡಿ ಮಾಮ," ಅಂದ ಹುಡುಗ, "ನಾನು ಆ ಹಳ್ಳದ ಆಚೆ ಕೆಲಸ ಹುಡುಕಿಕೊಂಡಿದ್ದಿದ್ರೆ ನನ್ನ ಒಂದು ದಿನ ಉಳೀತಿತ್ತು."

"ನಾಳೆ ರಜೆ ಇರ್ತಿರಲಿಲ್ಲ ಕಣೋ," ಅಂದೆ. ಅವನು ನಾಲ್ಕನೇ ಸುತ್ತಿಗೆ ಸ್ಟೀರಿಂಗ್ ತಿರುಗಿಸಿದ.