ಕ್ಷೌರ ಇಲ್ಲ ಅಂದಿದ್ದರು

ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಘಾನಾದ ಕಂಟ್ರಿ ನೋಟ್ (ಆ ದೇಶದಲ್ಲಿ ಕಂಪನಿಯ ದುಡ್ಡಿಡುವುದು ಎಷ್ಟು ಸುರಕ್ಷಿತ ಅನ್ನುವ ವರದಿ) ರಿವ್ಯೂಗೆ ಕಳಿಸಿದಳು. ಎರಡನೇ ಪ್ಯಾರಾದ ಮೊದಲ ಸಾಲು ಓದಿದ ಕೂಡಲೇ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. 2022ರ ಫೆಬ್ರುವರಿಯಲ್ಲಿ ಹೆಚ್ಚುಕಮ್ಮಿ ಅದೇ ಸಾಲನ್ನು ನಾನೂ ಬರೆದಿದ್ದೆ. ಮಂತ್ರಿ ಬೇರೆ, ಡಿಗ್ರಿ ಬೇರೆ, ಅಷ್ಟೇ.

ನನ್ನ ಕೆಲಸ ಬೆಂಗಳೂರಿನ ಒಂದು ಶೇರ್ಡ್ ಸರ್ವಿಸ್ ಸೆಂಟರಿನಲ್ಲಿ, ಟ್ರೆಷರಿ ಡೆಸ್ಕ್, ಅಂದರೆ ಕಂಪನಿಯ ದುಡ್ಡು ನೋಡಿಕೊಳ್ಳುವ ವಿಭಾಗ. ಪಶ್ಚಿಮ ಆಫ್ರಿಕಾ ನನ್ನ ಪಾಲಿಗೆ ಬಂದದ್ದು ಯಾರಿಗೂ ಬೇಡವಾಗಿದ್ದರಿಂದ. ಘಾನಾದ ಟೆಮಾ ಬಂದರಿನಲ್ಲಿ ನಮ್ಮ ಗೋದಾಮು, ರಾಜಧಾನಿ ಆಕ್ರಾದಲ್ಲಿ ಪುಟ್ಟ ಆಫೀಸು. ಅಲ್ಲಿ ಸರಕು ಮಾರಿ ಬಂದದ್ದು ಸೀಡಿ. ಕಂಪನಿಗೆ ಬೇಕಾದದ್ದು ಡಾಲರ್. (ನಮ್ಮೂರಲ್ಲಿ ರಾಜಕಾರಣಿ ಮತ್ತು ಸೀಡಿ ಅಂದರೆ ಬೇರೆ ಕಥೆ. ಇದು ಅವರ ಕರೆನ್ಸಿ.) ಡಾಲರ್ ಸಿಗುವ ತನಕ ಆ ಸೀಡಿಯನ್ನು ಎಲ್ಲಿ ಇಡಬೇಕು ಅನ್ನುವುದೇ ನನ್ನ ಪ್ರಶ್ನೆ. ಟಿ-ಬಿಲ್‌ನಲ್ಲಿ (ಒಂದು ವರ್ಷದೊಳಗೆ ತೀರುವ ಸರ್ಕಾರಿ ಸಾಲ) ಇಟ್ಟು, ಅವಧಿ ಮುಗಿದ ಹಾಗೆ ರೋಲ್ ಮಾಡುತ್ತಾ ಹೋಗಬಹುದು. ಇಲ್ಲವೇ ಮೂರು ವರ್ಷದ ಸರ್ಕಾರಿ ಬಾಂಡ್ ಕೊಳ್ಳಬಹುದು. ಬಾಂಡಿನ ಬಡ್ಡಿ ಟಿ-ಬಿಲ್‌ಗಿಂತ ಎಷ್ಟೋ ಜಾಸ್ತಿ, ಶೇಕಡಾ 20ರ ಆಸುಪಾಸು.

ನಮ್ಮ ಟೆಂಪ್ಲೇಟ್‌ನಲ್ಲಿ ಒಂದು ಕಾಲಂ ಇದೆ: ‘ಪ್ರಮುಖ ವ್ಯಕ್ತಿಗಳು, ಹಿನ್ನೆಲೆ.’ ಅಲ್ಲೇ ನಾನು ಜಾರಿದ್ದು.

ಆಗ ಹಣಕಾಸು ಮಂತ್ರಿ ಕೆನ್ ಒಫೊರಿ-ಅಟ್ಟಾ. ಆ ಕಾಲಂ ತುಂಬಿಸುವುದಕ್ಕೇ ಹೇಳಿ ಮಾಡಿಸಿದ ಹಾಗಿತ್ತು ಅವರ ರೆಸ್ಯೂಮೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ಯೇಲ್‌ನಲ್ಲಿ ಮ್ಯಾನೇಜ್‌ಮೆಂಟ್. ಮಾರ್ಗನ್ ಸ್ಟ್ಯಾನ್ಲಿ, ಸಾಲೊಮನ್ ಬ್ರದರ್ಸ್ ಬ್ಯಾಂಕುಗಳಲ್ಲಿ ಕೆಲಸ. ಆಮೇಲೆ ವಾಲ್ ಸ್ಟ್ರೀಟ್ ಬಿಟ್ಟು ಊರಿಗೆ ಬಂದು 1990ರಲ್ಲಿ ಗೆಳೆಯರ ಜೊತೆ ಡೇಟಾಬ್ಯಾಂಕ್ ಎಂಬ ಹೂಡಿಕೆ ಸಂಸ್ಥೆ ಕಟ್ಟಿದರು. ಘಾನಾದ ಷೇರುಪೇಟೆ ವಹಿವಾಟು ಶುರು ಮಾಡಿದ್ದೂ ಅದೇ ವರ್ಷ. ಅಂದರೆ ಪೇಟೆಯ ಜೊತೆಗೇ ಬೆಳೆದ ಮನುಷ್ಯ. 2017ರ ಜನವರಿಯಲ್ಲಿ ಮಂತ್ರಿಯಾದರು. ಆಗಿನ ಅಧ್ಯಕ್ಷ ನಾನಾ ಅಕುಫೊ-ಅಡ್ಡೊ ಇವರ ಕಸಿನ್ ಕೂಡ. ಆ ವಿಷಯಕ್ಕೆ ನಮ್ಮ ಟೆಂಪ್ಲೇಟ್‌ನಲ್ಲಿ ಕಾಲಂ ಇರಲಿಲ್ಲ. ಯಾವಾಗಲೂ ಬಿಳಿ ಬಟ್ಟೆ, ಬಜೆಟ್ ಭಾಷಣದ ನಡುವೆ ಬೈಬಲ್ ವಾಕ್ಯ. ಮಂತ್ರಿಯಾದ ಕೆಲವೇ ತಿಂಗಳಲ್ಲಿ 2.25 ಬಿಲಿಯನ್ ಡಾಲರ್ ಮೌಲ್ಯದ ಬಾಂಡ್ ಒಂದೇ ಏಟಿಗೆ ಮಾರಿದರು. ಅದರಲ್ಲಿ ಬಹುಪಾಲು ಕೊಂಡದ್ದು ಒಬ್ಬನೇ ವಿದೇಶಿ ಹೂಡಿಕೆದಾರ ಅಂತ ಅಲ್ಲಿ ದೊಡ್ಡ ಗಲಾಟೆಯಾಗಿತ್ತು. ನನಗೆ ಕಂಡದ್ದು ಗಲಾಟೆ ಅಲ್ಲ, ‘ಮಾರ್ಕೆಟ್ ಆಕ್ಸೆಸ್’, ಅಂದರೆ ಬೇಕೆಂದಾಗ ಪೇಟೆಯಲ್ಲಿ ಸಾಲ ಎತ್ತುವ ತಾಕತ್ತು. ಹಾಗಂತಲೇ ನೋಟ್‌ನಲ್ಲಿ ಬರೆದೆ.

ನಾನು ಬರೆದ ಸಾಲು ಇದು: ‘ಹಣಕಾಸು ಮಂತ್ರಿ ವಾಲ್ ಸ್ಟ್ರೀಟ್ ಹಿನ್ನೆಲೆಯವರು, ದೇಶೀ ಸಾಲದಲ್ಲಿ ತಪ್ಪುವ ಸಾಧ್ಯತೆ ಕಡಿಮೆ.’

ಆ ತಿಂಗಳ ಮೊದಲ ವಾರದಲ್ಲೇ ರೇಟಿಂಗ್ ಏಜೆನ್ಸಿ ಮೂಡೀಸ್ ಘಾನಾದ ರೇಟಿಂಗನ್ನು ಸಿಎಎ1ಕ್ಕೆ, ಅಂದರೆ ಸಾಲ ಕೊಡುವುದು ಬಹಳ ಅಪಾಯ ಅನ್ನುವ ಮಟ್ಟಕ್ಕೆ, ಇಳಿಸಿತ್ತು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ರೇಟಿಂಗ್ ಏಜೆನ್ಸಿಗಳಿಗೆ ಆಫ್ರಿಕಾ ಅಂದರೆ ಪೂರ್ವಗ್ರಹ ಅಂತ ಅವರ ಸಚಿವಾಲಯ ಖಾರವಾಗಿ ಉತ್ತರ ಕೊಟ್ಟಿತ್ತು. ಅದರ ಸಾರವನ್ನು ಎತ್ತಿ ಫುಟ್‌ನೋಟ್‌ಗೆ ಹಾಕಿ ಕೈ ತೊಳೆದುಕೊಂಡೆ. ಮೊಬೈಲ್ ಹಣದ ಮೇಲೆ ಹಾಕಲಿದ್ದ ಇ-ಲೆವಿ ತೆರಿಗೆಯಿಂದ ಆ ವರ್ಷ ಸುಮಾರು 690 ಕೋಟಿ ಸೀಡಿ ಬರುತ್ತದೆ ಅಂತ ಬಜೆಟ್‌ನಲ್ಲಿತ್ತು. ಅದನ್ನೂ ಬಂದಂತೆಯೇ ಲೆಕ್ಕಕ್ಕೆ ತೆಗೆದುಕೊಂಡೆ. ಜುಲೈಯಲ್ಲಿ ಅವರೇ ಆ ಅಂದಾಜನ್ನು ಸುಮಾರು 61 ಕೋಟಿಗೆ ಇಳಿಸಿದರು. ಒಂದು ಸೊನ್ನೆಯೇ ಹಾರಿಹೋಯಿತು.

ಆಕ್ರಾ ಆಫೀಸಿನ ಅಕೌಂಟೆಂಟ್ ಆಗಲೇ ಹೇಳಿದ್ದ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಕಾಲ್ ಆಗಿ ಎಲ್ಲರೂ ಹೊರಟ ಮೇಲೆ ಇವನೊಬ್ಬ ಲೈನಿನಲ್ಲೇ ಉಳಿದ. ‘ಬಾಂಡ್ ಬೇಡ, ಟಿ-ಬಿಲ್‌ನಲ್ಲೇ ಇರಲಿ’ ಅಂದ. ಯಾಕೆ ಅಂದೆ. ‘ಈ ಮನುಷ್ಯ ಜೀವನಪೂರ್ತಿ ಬಾಂಡ್ ಮಾರಿದ್ದಾನೆ. ಇನ್ನೂ ಮಾರುತ್ತಾನೆ’ ಅಂದ. ಅದನ್ನು ನಾನು ಹೊಗಳಿಕೆ ಅಂದುಕೊಂಡೆ! ಸಾಲ ಎತ್ತುವುದರಲ್ಲಿ ಪಳಗಿದ ಕೈ ತೀರಿಸುವುದರಲ್ಲೂ ಪಳಗಿರುತ್ತದೆ ಅಂತ ನನ್ನ ಲೆಕ್ಕ. ಅವೆರಡೂ ಬೇರೆ ಬೇರೆ ಕಸುಬು ಅಂತ ಹೊಳೆಯಲೇ ಇಲ್ಲ. ಮಾರ್ಚ್‌ನಲ್ಲಿ ಆರ್ಡರ್ ಹಾಕುವ ಮೇಕರ್ ನಾನು, ಒಪ್ಪಿಗೆ ಕೊಡುವ ಚೆಕರ್ ನಮ್ಮ ಮ್ಯಾನೇಜರ್, ಬಾಂಡ್ ಕೊಂಡೆವು.

ಜುಲೈ 1ರಂದು ಘಾನಾ ಸರ್ಕಾರ ಐಎಂಎಫ್ ಬಾಗಿಲು ತಟ್ಟುವುದಾಗಿ ಹೇಳಿತು. ನಾವು ಸ್ವಾಭಿಮಾನಿ ದೇಶ, ಐಎಂಎಫ್‌ಗೆ ಹೋಗುವುದಿಲ್ಲ ಅಂತ ಅದೇ ಮಂತ್ರಿ ತಿಂಗಳುಗಟ್ಟಲೆ ಹೇಳಿಕೊಂಡು ಬಂದಿದ್ದರು. ಅವತ್ತೇ ಮಾರಬೇಕಿತ್ತು. ನಷ್ಟವಾಗುತ್ತಿತ್ತು, ಆದರೆ ನೋಡಿಕೊಳ್ಳಬಹುದಾದ ನಷ್ಟ. ಮಾರಲಿಲ್ಲ. ಕಾರಣ ಹೇಳಿದರೆ ನಗಬೇಡಿ. ದೇಶವೊಂದನ್ನು ಹಸಿರಿನಿಂದ (ಚಿಂತೆಯಿಲ್ಲ) ಹಳದಿಗೆ (ಎಚ್ಚರಿಕೆ) ತಂದರೆ ನಮ್ಮ ಟೂಲ್‌ನಲ್ಲಿ ಮೂರು ಅಪ್ರೂವಲ್ ಬೇಕು. ಅದರಲ್ಲಿ ಒಂದು ಲಂಡನ್ನಿನಿಂದ ಬರಬೇಕು, ಅವರು ಇಪ್ಪತ್ತು ಪ್ರಶ್ನೆ ಕೇಳುತ್ತಾರೆ. ಹಸಿರಿನಲ್ಲೇ ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ನಮ್ಮ ಟೂಲ್‌ನಲ್ಲಿ ಪ್ರಪಂಚವೆಲ್ಲ ಯಾವಾಗಲೂ ಹಸಿರು. ‘ಐಎಂಎಫ್ ಬಂದರೆ ಶಿಸ್ತು ಬರುತ್ತದೆ, ಒಳ್ಳೆಯದೇ’ ಅಂತ ಒಂದು ಕಾಮೆಂಟ್ ಹಾಕಿ ಮುಂದಕ್ಕೆ ಹೋದೆ.

ವರ್ಷದ ಶುರುವಿನಲ್ಲಿ ಡಾಲರ್‌ಗೆ 6 ಸೀಡಿ ಇದ್ದದ್ದು ನವೆಂಬರ್ ಹೊತ್ತಿಗೆ 13 ದಾಟಿತು. ಆಗಿನ ಉಪಾಧ್ಯಕ್ಷ ಬವುಮಿಯಾ ಅವರದ್ದೊಂದು ಹಳೆಯ ಮಾತನ್ನು ಆಕ್ರಾದ ಆ ಅಕೌಂಟೆಂಟ್ ಹುಡುಗ ದಿನಾ ಫಾರ್ವರ್ಡ್ ಮಾಡುತ್ತಿದ್ದ. ಅವರೂ ಹಣಕಾಸಿನವರೇ, ಘಾನಾದ ಕೇಂದ್ರ ಬ್ಯಾಂಕಿನಲ್ಲಿ ಡೆಪ್ಯುಟಿ ಗವರ್ನರ್ ಆಗಿದ್ದವರು. ಆರ್ಥಿಕತೆಯ ಬುಡ ಗಟ್ಟಿಯಿಲ್ಲದಿದ್ದರೆ ವಿನಿಮಯ ದರವೇ ನಿಮ್ಮ ಬಣ್ಣ ಬಯಲು ಮಾಡುತ್ತದೆ ಅಂತ ವಿರೋಧ ಪಕ್ಷದಲ್ಲಿದ್ದಾಗ ಆಡಿದ ಮಾತು ಅದು. ಊರಿಗೆಲ್ಲ ಬಾಯಿಪಾಠವಾಗಿತ್ತು.

ಅಕ್ಟೋಬರ್ ಕೊನೆಯಲ್ಲಿ ಆಡಳಿತ ಪಕ್ಷದ ಸುಮಾರು 80 ಸಂಸದರೇ ಮಂತ್ರಿಯನ್ನು ತೆಗೆಯಿರಿ ಅಂತ ಕೂತರು. 30ರಂದು ಅಧ್ಯಕ್ಷರು ಟಿವಿಯಲ್ಲಿ ಬಂದು ಮಾತಾಡಿದರು. ‘ಸೀಕಾ ಮ್ಪೆ ದೆದೆ’ ಅಂದರು. ಟ್ವಿ ಭಾಷೆಯ ಗಾದೆ, ದುಡ್ಡಿಗೆ ಗದ್ದಲ ಆಗಿಬರುವುದಿಲ್ಲ ಅಂತ ಅರ್ಥ. ಜೊತೆಗೆ, ಬಾಂಡ್ ಇಟ್ಟುಕೊಂಡವರಿಗೆ ಹೇರ್‌ಕಟ್ (ಕ್ಷೌರ, ಅಂದರೆ ಅವರಿಗೆ ಕೊಡಬೇಕಾದ ದುಡ್ಡಿಗೆ ಕತ್ತರಿ) ಇರುವುದಿಲ್ಲ ಅಂತಲೂ ಹೇಳಿದರು. ಆ ವಿಡಿಯೋ ಲಿಂಕನ್ನು ನಾನು ಮ್ಯಾನೇಜರ್‌ಗೆ ಕಳಿಸಿ ಹೆಬ್ಬೆರಳಿನ ಎಮೋಜಿ ಹಾಕಿದೆ. ಆ ಚಾಟ್ ಈಗಲೂ ಇದೆ. ಡಿಲೀಟ್ ಮಾಡಲು ಕಂಪನಿ ಪಾಲಿಸಿ ಬಿಡುವುದಿಲ್ಲ.

ಐದು ವಾರ ಆಯಿತು. ಡಿಸೆಂಬರ್ 4, ಭಾನುವಾರ. ಮಂತ್ರಿಯ ಹೇಳಿಕೆ ಬಂತು, ಮರುದಿನ ಅಧಿಕೃತವಾಗಿ ಸಾಲ ವಿನಿಮಯ ಯೋಜನೆ. ಹಳೆಯ ಬಾಂಡ್ ಕೊಡಿ, ಬದಲಿಗೆ 2027, 2029, 2032, 2037ಕ್ಕೆ ತೀರುವ ಹೊಸವು ತಗೊಳ್ಳಿ. ಬಡ್ಡಿ 2023ರಲ್ಲಿ ಸೊನ್ನೆ, 2024ರಲ್ಲಿ ಶೇಕಡಾ 5, 2025ರಿಂದ ಶೇಕಡಾ 10. ಅಸಲು ಮೊತ್ತಕ್ಕೆ ಕತ್ತರಿ ಇಲ್ಲ. ಟಿ-ಬಿಲ್‌ಗೆ ಪೂರ್ತಿ ವಿನಾಯಿತಿ.

ಟಿ-ಬಿಲ್‌ಗೆ ಪೂರ್ತಿ ವಿನಾಯಿತಿ. ಬೆಳಿಗ್ಗೆ ಹಲ್ಲುಜ್ಜುತ್ತಾ ಈ ಸಾಲನ್ನು ಫೋನಿನಲ್ಲಿ ಮೂರು ಸಲ ಓದಿದೆ. ಬ್ರಷ್ ಬಾಯಲ್ಲೇ ಇತ್ತು.

ಸೋಮವಾರ ಸಂಜೆ ಆರೂವರೆಗೆ ಕಾಲ್. ದುಬೈಯಿಂದ ರೀಜನಲ್ ಸಿಎಫ್‌ಓ, ಆಕ್ರಾದ ಇಬ್ಬರು, ನಮ್ಮ ಮ್ಯಾನೇಜರ್, ನಾನು. ಮನೆಯಿಂದಲೇ ಲಾಗಿನ್ ಆಗಿದ್ದೆ. ಅದೇ ಹೊತ್ತಿಗೆ ಕರೆಂಟ್ ಹೋಗಿ ಯುಪಿಎಸ್ ಪೀಪ್ ಪೀಪ್ ಅನ್ನಲು ಶುರು ಮಾಡಿತು. ಸಿಎಫ್‌ಓ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸ್ಕ್ರೀನ್ ಶೇರ್ ಮಾಡಿದರು. ನನ್ನ ಫೆಬ್ರುವರಿ ನೋಟ್. ನಿಧಾನಕ್ಕೆ ಕೆಳಗಿಳಿಸಿ ಎರಡನೇ ಪ್ಯಾರಾಕ್ಕೆ ಬಂದು ನಿಂತರು. ಕರ್ಸರ್ ‘ವಾಲ್ ಸ್ಟ್ರೀಟ್’ ಮೇಲೆ ಮಿಣಮಿಣ ಅನ್ನುತ್ತಿತ್ತು. ಸಾಲನ್ನು ಜೋರಾಗಿ ಓದಿದರು. ಆಮೇಲೆ ಕೇಳಿದರು, ‘ಹಾಗಾದರೆ ಇದನ್ನು ಯಾವ ಆಧಾರದ ಮೇಲೆ ಬರೆದದ್ದು?’

ಮ್ಯೂಟ್ ತೆಗೆದೆ. ಹತ್ತು ಸೆಕೆಂಡ್ ಎಲ್ಲರೂ ಕೇಳಿದ್ದು ನಮ್ಮ ಮನೆ ಯುಪಿಎಸ್ ಶಬ್ದ ಮಾತ್ರ. ಹೇಳಲು ಆಧಾರ ಬೇಕಲ್ಲ. ಆ ದೇಶದ ಆದಾಯದಲ್ಲಿ ಬಡ್ಡಿಗೆ ಎಷ್ಟು ಹೋಗುತ್ತದೆ ಅಂತ ಅದೇ ನೋಟ್‌ನ ನಾಲ್ಕನೇ ಪುಟದಲ್ಲಿ ನಾನೇ ಹಾಕಿದ ಟೇಬಲ್ ಇತ್ತು. ಅದನ್ನು ನೋಡಿದ್ದರೆ ಯಾರೇ ಮಂತ್ರಿಯಾದರೂ ಕಷ್ಟ ಅಂತ ಗೊತ್ತಾಗುತ್ತಿತ್ತು. ನಾನು ಟೇಬಲ್ ಹಾಕಿದ್ದೆ, ನೋಡಿರಲಿಲ್ಲ. ‘ಅವರ ಪ್ರೊಫೈಲ್ ನೋಡಿ ಬರೆದೆ’ ಅಂದೆ. ನಿಜ ಹೇಳಿದ್ದಕ್ಕೆ ಸಮಾಧಾನವಾಗುತ್ತದೆ ಅಂತಾರೆ. ಆಗಲಿಲ್ಲ.

ಮ್ಯಾನೇಜರ್ ನಡುವೆ ಬಾಯಿ ಹಾಕಿ, ‘ಆದರೆ ಅಸಲಿಗೆ ಕತ್ತರಿ ಬಿದ್ದಿಲ್ಲ, ಒಳ್ಳೆಯ ಸುದ್ದಿ’ ಅಂದರು. ಚೆಕರ್ ಅವರೇ ತಾನೆ. ನಾನು ಆ ಹೊತ್ತಿಗೆ ಎಕ್ಸೆಲ್ ಮಾಡಿಟ್ಟಿದ್ದೆ. 2029ರ ಬಾಂಡ್ ಒಂದನ್ನೇ ತೆಗೆದುಕೊಂಡು, ಮುಂದೆ ಬರುವ ದುಡ್ಡನ್ನು ಶೇಕಡಾ 20ರ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ನೂರಕ್ಕೆ ಉಳಿಯುವುದು ಸುಮಾರು 52. ಅದೂ ಬೇಗ ತೀರುವ ಪೈಕಿಯದ್ದು. 2037ರದ್ದನ್ನು ಅವರಿಗೆ ತೋರಿಸಲೇ ಇಲ್ಲ. ಕೂದಲಿಗೆ ಕತ್ತರಿ ಮುಟ್ಟಿಸಿಲ್ಲ ಅಂತ ಹೇಳಿ ತಲೆ ನುಣ್ಣಗೆ ಬೋಳಿಸುವುದು ಅಂದರೆ ಇದೇ.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಇದು ನಮ್ಮಜ್ಜಿಗೆ ಗೊತ್ತಿತ್ತು, ಯೇಲ್ ಹೆಸರು ಕೂಡ ಕೇಳದೆ.

ಆಮೇಲಿನ ಎರಡು ತಿಂಗಳು ಬರೀ ಕಾಯುವುದು. ಸೇರಲು ಡಿಸೆಂಬರ್ 19 ಗಡುವು ಅಂದಿದ್ದರು, ಮುಂದೂಡಿ ಮುಂದೂಡಿ ಫೆಬ್ರುವರಿಗೆ ಬಂತು. ಪ್ರತಿ ಸಲವೂ ನಾನು ಪ್ರೊವಿಷನ್ (ನಷ್ಟಕ್ಕೆ ತೆಗೆದಿಡುವ ಮೊತ್ತ) ಲೆಕ್ಕ ಮತ್ತೆ ಓಡಿಸಬೇಕು, ಆಡಿಟರ್‌ಗೆ ಮತ್ತೆ ಮೇಲ್. ಡಿಸೆಂಬರ್ 8ರಂದು ಸಂಸತ್ತಿನಲ್ಲಿ ಮಂತ್ರಿಯ ವಿರುದ್ಧ ಅವಿಶ್ವಾಸಕ್ಕೆ 136 ಮತ ಬಿದ್ದವು, ಬೇಕಿದ್ದದ್ದು 183. ಉಳಿದುಕೊಂಡರು. ಆ ತಿಂಗಳ ಹಣದುಬ್ಬರ ಶೇಕಡಾ 54.1. ಕೊನೆಗೆ 2023ರ ಮೇಯಲ್ಲಿ ಐಎಂಎಫ್‌ನಿಂದ 3 ಬಿಲಿಯನ್ ಡಾಲರ್ ಮಂಜೂರಾಯಿತು. ಅದನ್ನು ತಂದವರೂ ಇವರೇ. ಹೊಸ ಮಂತ್ರಿ ಬಂದದ್ದು 2024ರ ಫೆಬ್ರುವರಿಯಲ್ಲಿ. ಒಫೊರಿ-ಅಟ್ಟಾ ಏಳು ವರ್ಷ ಆ ಕುರ್ಚಿಯಲ್ಲಿ ಕೂತಿದ್ದರು.

ಇವರ ಬಗ್ಗೆ ನನಗೆ ಕೋಪ ಇದೆಯಾ? ಅಷ್ಟೇನಿಲ್ಲ. ಕೋವಿಡ್, ಉಕ್ರೇನ್ ಯುದ್ಧ, ಹೊರಗಿನ ಸಾಲದ ಬಾಗಿಲು ಮುಚ್ಚಿದ್ದು, ಎಲ್ಲ ಒಟ್ಟಿಗೆ ಬಂತು. ಅವರು ತಮಗೆ ಗೊತ್ತಿದ್ದ ಕೆಲಸ ಮಾಡಿದರು. ನಾನು ನನ್ನ ಕೆಲಸ ಮಾಡಲಿಲ್ಲ.

ಒಂದು ವಿಷಯ ಮಾತ್ರ ಇನ್ನೂ ಚುಚ್ಚುತ್ತದೆ. 2023ರ ಫೆಬ್ರುವರಿಯಲ್ಲಿ ಆಕ್ರಾದ ಹುಡುಗ ಒಂದು ಫೋಟೋ ಕಳಿಸಿದ. ಹಣಕಾಸು ಸಚಿವಾಲಯದ ಮುಂದೆ ವಯಸ್ಸಾದವರ ಗುಂಪು, ಕೈಯಲ್ಲಿ ಫಲಕ. ಬಾಂಡಿನಲ್ಲಿ ಉಳಿತಾಯ ಇಟ್ಟ ಪಿಂಚಣಿದಾರರು. ಮಾಜಿ ಮುಖ್ಯ ನ್ಯಾಯಮೂರ್ತಿ ಸೋಫಿಯಾ ಅಕುಫೊ ಅವರೂ ಆ ದಿನಗಳಲ್ಲಿ ಅಲ್ಲಿ ಬಂದು ನಿಂತಿದ್ದರು. ಹುಡುಗ ಬರೆದಿದ್ದ, ‘ಎಡಗಡೆಯಿಂದ ಮೂರನೆಯವರು ನಮ್ಮಪ್ಪ.’ ಮೇಷ್ಟ್ರಾಗಿ ರಿಟೈರ್ ಆದವರಂತೆ. ನಾನು ಒಂದು ವರ್ಷದಿಂದ ಅವನಿಗೆ ಕಳಿಸುತ್ತಿದ್ದದ್ದು ವೇರಿಯನ್ಸ್ ಎಕ್ಸ್‌ಪ್ಲನೇಷನ್ ಕೇಳುವ ಮೇಲ್‌ಗಳು. ‘ನೀನು ನನಗೆ ಬೇಡ ಅಂದೆ, ಅಪ್ಪನಿಗೆ ಹೇಳಲಿಲ್ವಾ?’ ಅಂತ ಕೇಳಿಬಿಟ್ಟೆ. ಕೇಳಬಾರದಿತ್ತು. ‘ಹೇಳಿದ್ದೆ. ಮಂತ್ರಿ ಬ್ಯಾಂಕಿನವರು, ಅವರಿಗೆ ಗೊತ್ತಿರುತ್ತದೆ ಅಂದರು’ ಅಂತ ಉತ್ತರ ಬಂತು. ಕೊನೆಗೆ ಪಿಂಚಣಿದಾರರನ್ನು ಯೋಜನೆಯಿಂದ ಬಿಟ್ಟರು, ಪುಣ್ಯ.

ನಮ್ಮ ಮ್ಯಾನೇಜ್‌ಮೆಂಟ್ ಪಾಠ ಕಲಿತ ರೀತಿಯನ್ನೂ ಹೇಳಿಬಿಡುತ್ತೇನೆ. ಟೆಂಪ್ಲೇಟ್‌ಗೆ ಹೊಸ ಕಾಲಂ ಸೇರಿಸಿದರು: ‘ರಿಸ್ಟ್ರಕ್ಚರಿಂಗ್ ರಿಸ್ಕ್, ಹೌದು/ಇಲ್ಲ.’ ನಲವತ್ತು ನಿಮಿಷದ ಇ-ಲರ್ನಿಂಗ್, ಕೊನೆಯಲ್ಲಿ ಕ್ವಿಜ್. ಹಳದಿಗೆ ಈಗ ನಾಲ್ಕು ಅಪ್ರೂವಲ್. ‘ಪ್ರಮುಖ ವ್ಯಕ್ತಿಗಳು, ಹಿನ್ನೆಲೆ’ ಕಾಲಂ ಹಾಗೇ ಇದೆ. ತೆಗೆಯಿರಿ ಅಂತ ನಾನು ಹಾಕಿದ ಟಿಕೆಟ್ ಇನ್ನೂ ಓಪನ್.

ಅದಕ್ಕೇ ಮೊನ್ನೆ ಆ ಹುಡುಗಿಯ ಸಾಲು ಕಣ್ಣಿಗೆ ಬಿತ್ತು. 2025ರ ಜನವರಿಯಿಂದ ಅಲ್ಲಿ ಹಣಕಾಸು ಮಂತ್ರಿ ಕ್ಯಾಸಿಯಲ್ ಅಟೊ ಫೋರ್ಸನ್. ಬಂದ ಕೆಲವೇ ತಿಂಗಳಲ್ಲಿ ಇ-ಲೆವಿ ರದ್ದಾಯಿತು, ಸೀಡಿಯೂ ಚೆನ್ನಾಗಿ ಏರಿತು. ಅವಳು ಬರೆದಿದ್ದಳು: ‘ಮಂತ್ರಿ ಚಾರ್ಟರ್ಡ್ ಅಕೌಂಟೆಂಟ್, ಹಾಗಾಗಿ ಶಿಸ್ತು ನಿರೀಕ್ಷಿಸಬಹುದು.’

‘ಹಾಗಾಗಿ’ ಅನ್ನುವುದರ ಸುತ್ತ ಕೆಂಪು ಗುಂಡಗೆ ಎಳೆದು ವಾಪಸ್ ಕಳಿಸಿದೆ. ಐದು ನಿಮಿಷಕ್ಕೆ ಅವಳ ಮೆಸೇಜ್ ಬಂತು: ‘ಸ್ಪೆಲ್ಲಿಂಗ್ ತಪ್ಪಿದೆಯಾ?’