ದೋಣಿಯಲ್ಲಿ ಯಾರು ಕೂರ್ತಾರೆ?

ಕಳೆದ ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ.

ಕೇಳಿದವರು ಮೈಸೂರಿನ ಶಿವರಾಂಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯ ಯಜಮಾನರು. ದೋಣಿ ಕಟ್ಟಲು ಅಂಟು ತರಲು ಹೋಗಿದ್ದೆ, ನನ್ನ ಕೈಯಲ್ಲಿ ಬಿಳಿ ಅಂಟಿನ ಡಬ್ಬಿ ಇತ್ತು. ಎರಡು ದ್ರವ ಬೆರೆಸಿ ಮಾಡುವ, ನೀರಿಗೆ ಜಗ್ಗದ ಎಪಾಕ್ಸಿ ಅಂಟಿಗಿಂತ ಎಷ್ಟೋ ಅಗ್ಗ. "ನಾನು, ನನ್ನ ಮಗಳು" ಅಂದೆ. ಅವರು ಡಬ್ಬಿ ಇಸ್ಕೊಂಡು ವಾಪಸ್ ಶೆಲ್ಫಿಗೆ ಇಟ್ಟರು. "ಎಪಾಕ್ಸಿ ನನ್ನ ಹತ್ರ ಇಲ್ಲ. ಫೈಬರ್ ಕೆಲಸದವರಿಗೆ ಕೊಡೋ ಅಂಗಡಿಲಿ ಕೇಳಿ" ಅಂದರು. ಬಂದ ವ್ಯಾಪಾರ ಬಿಟ್ಟುಕೊಟ್ಟ ಮನುಷ್ಯ!

ಎಂಟು ಅಡಿಯ ಪುಟ್ಟ ದೋಣಿ ನಮ್ಮದು. ಹಲಗೆಗೆ ಐಎಸ್ 710 ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್ ತಂದಿದ್ದೆ. 72 ಗಂಟೆ ಕುದಿಯುವ ನೀರಲ್ಲಿಟ್ಟು ಪರೀಕ್ಷೆ ಮಾಡುವ ದರ್ಜೆಯದು. ಅಂಥ ಹಲಗೆಯನ್ನು ಜೋಡಿಸುವ ಅಂಟಿನಲ್ಲಿ ದುಡ್ಡು ಉಳಿಸಲು ಹೊರಟಿದ್ದೆ.

ಎಪಾಕ್ಸಿ ತಂದೆ. ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎರಡನ್ನೂ ತೂಗಿ ಬೆರೆಸಿ ಅಗಲದ ತಟ್ಟೆಗೆ ಸುರಿದೆ. ಲೋಟದಲ್ಲೇ ಬಿಟ್ಟರೆ ತನ್ನ ಕಾವಿಗೇ ಬೇಗ ಗಟ್ಟಿಯಾಗಿಬಿಡುತ್ತದೆ. ಪರೀಕ್ಷೆಗೆಂದು ಜೋಡಿಸಿದ ಪ್ಲೈ ತುಂಡುಗಳಿಗೆ ನಮ್ಮ ಆಚಾರ್ರು ಅಭ್ಯಾಸದಂತೆ ಕ್ಲ್ಯಾಂಪನ್ನು ಪೂರ್ತಿ ಬಿಗಿದರು. ಹಾಗೆ ಬಿಗಿದರೆ ಎಪಾಕ್ಸಿಯೆಲ್ಲ ಹೊರಗೆ ಬಂದು ಜೋಡಿನಲ್ಲಿ ಅಂಟೇ ಉಳಿಯುವುದಿಲ್ಲ ಅಂದೆ. ಇಡೀ ಜೀವನ ಬಿಗಿದ ಕೈ ಅದು. ಒಂದು ನಿಮಿಷ ಸುಮ್ನಿದ್ದು ಅರ್ಧ ಸುತ್ತು ಸಡಿಲ ಮಾಡಿದರು. ಅವರ ಮೇಲೆ ನನಗೆ ಗೌರವ ಇನ್ನೂ ಜಾಸ್ತಿಯಾಯಿತು.

ಮನೆಯಲ್ಲಿದ್ದ ಬಿಳಿ ಅಂಟಿನಿಂದಲೂ ಒಂದು ಜೋಡು ಮಾಡಿದೆ. ಒಣಗಿದ ಮೇಲೆ ಎರಡನ್ನೂ ಬಕೆಟ್ ನೀರಲ್ಲಿ ಮುಳುಗಿಸಿಟ್ಟೆ. ಭಾನುವಾರ ತೆಗೆದು ನೋಡಿದರೆ ಬಿಳಿ ಅಂಟು ಮತ್ತೆ ಹಾಲಿನ ಕೆನೆಯಂತಾಗಿತ್ತು. ಮಗಳು ಬೆರಳಲ್ಲೇ ಬಿಡಿಸಿದಳು. ಎಪಾಕ್ಸಿ ಜೋಡಿಗೆ ಉಳಿ ಹಾಕಿ ಹೊಡೆದೆ. ಪ್ಲೈ ಸಿಬಿರು ಸಿಬಿರಾಗಿ ಸೀಳಿತು, ಅಂಟಿನ ಗೆರೆ ಅಲುಗಲಿಲ್ಲ.

ಯಾವ ಕಂಪನಿದು ಬೇಕು, ಎಷ್ಟು ಕೆಜಿ ಅಂತ ಎಲ್ಲರೂ ಕೇಳುತ್ತಾರೆ. ಯಾರಿಗೆ ಅಂತ ಕೇಳುವವರು ಎಲ್ಲಿದ್ದಾರೆ? ನಾವು ಮನೆ ಕಟ್ಟಿಸುವಾಗ ಎಂಜಿನಿಯರ್ ಕೇಳಲಿಲ್ಲ. ಮಂಡಿ ನೋವಿನ ಅಮ್ಮ ಇಂದಿಗೂ ಆ ಎತ್ತರದ ಮೆಟ್ಟಿಲುಗಳನ್ನು ಗೋಡೆ ಹಿಡಿದು ಹತ್ತುತ್ತಾಳೆ. ನಾನೂ ಆಗ ಹೇಳಬೇಕಿತ್ತು ಅಲ್ವಾ? ನನಗೂ ಹೊಳೆಯಲಿಲ್ಲ.

ಇವತ್ತು ಸೀಳಿದ ತುಂಡನ್ನು ಆ ಯಜಮಾನರಿಗೆ ತೋರಿಸಲು ಹೋಗಿದ್ದೆ. ಕನ್ನಡಕ ಏರಿಸಿ, ಅಂಟಿನ ಗೆರೆ ಉದ್ದಕ್ಕೂ ಉಗುರು ಎಳೆದು ನೋಡಿದರು. ತಲೆಯಾಡಿಸಿದರು. ತುಂಡು ವಾಪಸ್ ಕೊಡುತ್ತಾ ಕೇಳಿದರು: "ಮಗಳಿಗೆ ಲೈಫ್ ಜಾಕೆಟ್ ತಗೊಂಡ್ರಾ?"